ಒರೆಸುವ ಬಟ್ಟೆ

ಮನೆ ಕಟ್ಟಿಕೊಟ್ಟ ಕಂಪನಿಯ ಇಂಜಿನಿಯರ್ ಬರುತ್ತಾನೆಂದು ಫೋನ್ ಬಂದ ಬೆಳಿಗ್ಗೆ ಅಜ್ಜಿ ಮೊಮ್ಮಗಳ ಕೋಣೆಯ ಗೋಡೆಯನ್ನು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತಿಕ್ಕಿ, ಒರೆಸಿ, ಟೇಬಲ್ ಫ್ಯಾನ್ ಹಚ್ಚಿ ಒಣಗಿಸಿ ಥಳಥಳ ಮಾಡಿಟ್ಟರು.

ತಪ್ಪಾದದ್ದು ಅಲ್ಲೇ. ಆದರೆ ಅದು ತಪ್ಪೆಂದು ಅಜ್ಜಿಗೆ ಹೊಳೆಯುವುದು ಸಾಧ್ಯವೇ ಇರಲಿಲ್ಲ. ಸರ್ಕಾರಿ ಆಸ್ಪತ್ರೆಯ ವಾರ್ಡುಗಳಲ್ಲಿ ನೆಲ ಒರೆಸಿಯೇ ತಲೆ ಹಣ್ಣಾದ ಹೆಂಗಸು ಅವರು. ದೊಡ್ಡ ಡಾಕ್ಟರು ರೌಂಡ್ಸಿಗೆ ಬರುವ ಮುಂಚೆ ವಾರ್ಡು ಕನ್ನಡಿಯಂತಿರಬೇಕು. ಯಾರಾದರೂ ನೋಡಲು ಬರುತ್ತಾರೆಂದರೆ ಮೊದಲು ಒರೆಸು, ಆಮೇಲೆ ಮಾತು. ನಿವೃತ್ತಿಯಾದರೂ ಹೆಗಲ ಮೇಲಿನ ಒರೆಸುವ ಬಟ್ಟೆ ಇಳಿದಿರಲಿಲ್ಲ. ಕಟ್ಟಡದ ಮಕ್ಕಳು ಫಿನಾಯಿಲ್ ಅಜ್ಜಿ ಎಂದು ಹೆಸರಿಟ್ಟಿದ್ದವು. ಅಜ್ಜಿ ಅದನ್ನು ಬಿರುದೆಂದೇ ತಿಳಿದಿದ್ದರು.

ಮನೆ ನಾಲ್ಕನೇ ಮಹಡಿಯದು. ನಿವೃತ್ತಿಯಾದಾಗ ಅಜ್ಜಿಯ ಕೈಗೆ ಬಂದ ಇಡಿಗಂಟು, ಅದರ ಮೇಲೆ ಮಗನ ಸಾಲ, ಎರಡೂ ಸೇರಿ ಕೊಂಡದ್ದು. ಕಾಗದದ ಮೇಲಿನ ಚಿತ್ರ ತೋರಿಸಿ ದುಡ್ಡು ತೆಗೆದುಕೊಂಡ ಕಂಪನಿ, ಬೀಗದ ಕೈ ಕೊಡಲು ಹೇಳಿದ್ದಕ್ಕಿಂತ ಎರಡು ವರ್ಷ ತಡ ಮಾಡಿತು. ಕೊಟ್ಟ ಮೇಲಾದರೂ ನೆಮ್ಮದಿಯೇ? ಅಡುಗೆಮನೆಯ ಬಾಗಿಲು ಮುಚ್ಚುತ್ತಿರಲಿಲ್ಲ. ಬಚ್ಚಲ ನೀರು ಮೋರಿಯ ಕಡೆಗೆ ಹೋಗುವ ಬದಲು ಹಾಲ್‌ಗೆ ಬರುತ್ತಿತ್ತು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮನೇಲಿ ನೆಲ ನಿಜವಾಗ್ಲೂ ಡೊಂಕು," ಎಂದು ಮಗ ನಗಾಡಿದ್ದ. ಆಮೇಲೆ ಮೊಮ್ಮಗಳ ಕೋಣೆಯ ಗೋಡೆ ಒದ್ದೆಯಾಗಿ, ಬಣ್ಣ ಸಿಪ್ಪೆ ಎದ್ದು, ಕಪ್ಪು ಬೂಷ್ಟು ಹಿಡಿಯಿತು. ಹುಡುಗಿ ಕೆಮ್ಮಲು ಶುರು ಮಾಡಿದಳು. ನಗು ನಿಂತಿತು.

ಕಂಪನಿ ಕೊಟ್ಟಿದ್ದ ಗ್ಯಾರಂಟಿ ಒಂದು ವರ್ಷದ್ದು. ಅಷ್ಟರೊಳಗೆ ಅವರ ಇಂಜಿನಿಯರ್ ಬಂದು, ಕಣ್ಣಾರೆ ನೋಡಿ, ತಮ್ಮದೇ ತಪ್ಪು ಎಂದು ಬರೆದುಕೊಂಡರೆ ರಿಪೇರಿ ಅವರದು. ಇಲ್ಲದಿದ್ದರೆ ಗೋಡೆ ಒಡೆಸುವುದು, ಪೈಪು ಹುಡುಕಿಸುವುದು ಎಲ್ಲ ಮನೆಯವರ ತಲೆಗೆ. ವರ್ಷ ತುಂಬಲು ಎರಡು ತಿಂಗಳೂ ಉಳಿದಿರಲಿಲ್ಲ.

ಇಂಥ ಹೊತ್ತಿನಲ್ಲಿ ಇಂಜಿನಿಯರ್ ಬಂದ. ಜೊತೆಗೆ ಕಂಪನಿಯ ಸೇಲ್ಸ್ ಹುಡುಗಿಯೂ ಇದ್ದಳು. ಮಗ ಬಸ್ ಓಡಿಸಲು ಹೋಗಿದ್ದ, ಸೊಸೆ ಕೆಲಸಕ್ಕೆ, ಮೊಮ್ಮಗಳು ಕಾಲೇಜಿಗೆ. ಅಜ್ಜಿಯೊಬ್ಬರೇ ಮನೆಯಲ್ಲಿದ್ದರು.

"ಎಲ್ಲಿ ಅಜ್ಜಿ ಲೀಕೇಜು?"

"ಇಲ್ಲೇ ಸಾರ್. ಪೂರ್ತಿ ಕಪ್ಪಾಗಿತ್ತು. ನೀವು ಬರ್ತೀರಾ ಅಂತ ಈಗ ತಾನೇ ಒರೆಸಿದೆ."

"ಒರೆಸಿದ್ರೆ ಹೋಯ್ತಾ?"

"ಹೋಗದೆ ಏನು? ನಾನು ಒರೆಸಿದ್ರೆ ಹೋಗದೆ ಇರೋ ಕೊಳೆ ಇನ್ನೂ ಹುಟ್ಟಿಲ್ಲ ಸಾರ್."

ಇಂಜಿನಿಯರಿನ ಮುಖ ಅರಳಿತು. ಅಜ್ಜಿ ಟೀ ಮಾಡಿ ಟ್ರೇಯಲ್ಲಿ ತಂದರು, ಬಿಸ್ಕೆಟನ್ನೂ ಇಟ್ಟರು. ಸೇಲ್ಸ್ ಹುಡುಗಿ "ಅಜ್ಜೀ, ಹಾಗೇ ನಿಂತ್ಕೊಳ್ಳಿ, ಎಷ್ಟು ಚೆನ್ನಾಗಿ ಕಾಣ್ತೀರಾ!" ಎಂದು ಆ ಬಿಳಿ ಗೋಡೆಯ ಮುಂದೆಯೇ ಫೋಟೋ ತೆಗೆದಳು. ನೀಲಿ ಸ್ವೆಟರಿನ ಅಜ್ಜಿ ಟ್ರೇ ಹಿಡಿದು ನಕ್ಕರು. ಬಂದು ಹೋದದ್ದಕ್ಕೆ ಗುರುತು ಎಂದು ಇಂಜಿನಿಯರ್ ಒಂದು ಕಾಗದ ಚಾಚಿದ. ಅಜ್ಜಿ ಸಹಿ ಹಾಕಿದರು.

ಸಂಜೆ ಸೊಸೆ ಆ ಕಾಗದದ ಪ್ರತಿ ಓದಿ ಚಪ್ಪಲಿ ಕಳಚುವುದನ್ನೂ ಮರೆತು ನಿಂತಳು.

"ಅತ್ತೆ, ಇದಕ್ಕೆ ಸಹಿ ಹಾಕಿದ್ರಾ? ಗೋಡೆಯಲ್ಲಿ ತೇವ ಕಂಡುಬಂದಿಲ್ಲ ಅಂತ ಬರೆದಿದ್ದಾನೆ!"

"ಬಂದು ಹೋದೆ ಅನ್ನೋಕೆ ಅಂದ್ರು ಕಣಮ್ಮಾ."

"ಗೋಡೆ ಒರೆಸಿದ್ಯಾಕೆ? ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂತಾರೆ. ನೀವು ಹುಣ್ಣಿಗೇ ಪೌಡರ್ ಹಚ್ಚಿ ಕಳಿಸಿದ್ದೀರಲ್ಲ!"

"ಮನೆಗೆ ಬರೋರ ಮುಂದೆ ಕೊಳೆ ತೋರಿಸೋಕಾಗುತ್ತಾ? ಹೋಗಿ ನಾಲ್ಕು ಜನರ ಹತ್ರ ಏನಂತ ಹೇಳ್ತಾರೆ?"

ಮೊಮ್ಮಗಳು ಕೆಮ್ಮುತ್ತಲೇ ನಕ್ಕಳು. "ಅಜ್ಜಿ, ಕಳ್ಳತನ ಆದ ಮನೇಲಿ ಪೊಲೀಸ್ ಬರೋ ಮುಂಚೆ ಕಸ ಗುಡಿಸಿದ ಹಾಗಾಯ್ತು ನಿಂದು."

"ಗುಡಿಸ್ದೇ ಇರೋಕಾಗುತ್ತಾ ಮತ್ತೆ?" ಎಂದರು ಅಜ್ಜಿ.

ಪಾಳಿ ಮುಗಿಸಿ ಬಂದ ಮಗ ಅನ್ನ, ಬೇಳೆ ಕಲಸಿಕೊಳ್ಳುತ್ತ "ಆಯ್ತು ಬಿಡೇ, ಇನ್ನೊಂದ್ಸಲ ಕರೆಸೋಣ" ಎಂದ.

"ಕರೆಸೋಣ ಅಂತೆ! ಫೋನ್ ಮಾಡೋರು ಯಾರು, ನೀವಾ? ಅವರ ನಂಬರಿಗೆ ಹಚ್ಚಿದ್ರೆ ಮೊದಲು ಸಂಗೀತ, ಆಮೇಲೆ ನಿಮ್ಮ ಕರೆ ನಮಗೆ ಅಮೂಲ್ಯ ಅನ್ನೋ ಹೆಂಗಸು. ಇವತ್ತೇ ಕಳಿಸ್ತೀವಿ ಮೇಡಂ, ನಮ್ಮವರು ದಾರಿಯಲ್ಲಿದ್ದಾರೆ ಮೇಡಂ. ಬರೀ ಮೂಗಿಗೆ ತುಪ್ಪ! ಇದೆಲ್ಲ ನನಗೆ ಹೇಳ್ತಾರೆ ನೋಡಿ, ನನಗೆ!"

ಸೊಸೆಗೆ ಹೆಚ್ಚು ಉರಿದದ್ದು ಅದಕ್ಕೇ. ಫ್ರಿಜ್, ವಾಷಿಂಗ್ ಮೆಷಿನ್ ಮಾರುವ ದೊಡ್ಡ ಅಂಗಡಿಯ ದೂರಿನ ಕೌಂಟರಿನಲ್ಲಿ ಅವಳ ಕೆಲಸ. ಈ ಮಾತುಗಳನ್ನೆಲ್ಲ ದಿನವಿಡೀ ಅವಳೇ ಜನರಿಗೆ ಹೇಳುತ್ತಿದ್ದಳು. ಯಾವ ಮಾತಿನ ಹಿಂದೆಯೂ ಏನೂ ಇಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಗೋಡೆ ವಾರದೊಳಗೆ ಮತ್ತೆ ಕಪ್ಪಾಯಿತು. ಅದೇ ವಾರ ಮುಖ್ಯರಸ್ತೆಯ ತಿರುವಿನಲ್ಲಿ ಕಂಪನಿಯ ಒಂದು ದೊಡ್ಡ ಜಾಹೀರಾತು ಬೋರ್ಡು ಎದ್ದಿತು. ಅದರಲ್ಲಿ ಆಳೆತ್ತರದ ನೀಲಿ ಸ್ವೆಟರಿನ ಅಜ್ಜಿ, ಟೀ ಟ್ರೇ, ಹಿಂದೆ ಹಾಲಿನಂಥ ಗೋಡೆ. ಕೆಳಗೆ 'ನೆಮ್ಮದಿಗೊಂದು ಮನೆ' ಎಂಬ ಅಕ್ಷರ. ಮಗನ ಬಸ್ಸು ಪ್ರತಿ ಟ್ರಿಪ್ಪಿನಲ್ಲೂ ಅದರಡಿಯೇ ಹೋಗಬೇಕು.

"ಏನ್ ಗುರೂ, ನಿಮ್ಮಮ್ಮ ಫಿಲ್ಮ್ ಸ್ಟಾರ್ ಆಗಿಬಿಟ್ರಲ್ಲ!" ಎಂದ ಕಂಡಕ್ಟರ್. ಸುಳ್ಳೇಕೆ ಹೇಳಬೇಕು, ಮೊದಲ ದಿನ ಮಗನಿಗೆ ಒಳಗೊಳಗೆ ಹೆಮ್ಮೆಯೇ ಆಯಿತು. ಎರಡನೇ ದಿನ ಮಗಳನ್ನು ಡಾಕ್ಟರ ಬಳಿ ಕರೆದುಕೊಂಡು ಹೋದ. "ತೇವದ ಕೋಣೇಲಿ ಮಲಗಿಸ್ತೀರಾ?" ಎಂದು ಡಾಕ್ಟರು ಗದರಿದರು. ಅಂದು ಮಧ್ಯಾಹ್ನದ ಟ್ರಿಪ್ಪಿನಲ್ಲಿ ಬೋರ್ಡಿನ ಕೆಳಗೆ ಸಿಗ್ನಲ್ ಬಿದ್ದಾಗ ಅವನು ಹಾರ್ನ್ ಒತ್ತಿದವನು ಕೈ ತೆಗೆಯಲೇ ಇಲ್ಲ. ಪ್ರಯಾಣಿಕರು ಕೂಗಾಡಿದರು.

ಹುಡುಗಿಯ ಮಂಚ ಹಾಲ್‌ಗೆ ಬಂತು. ಪರೀಕ್ಷೆ ಹತ್ತಿರವಿತ್ತು; ಪುಸ್ತಕದ ರಟ್ಟುಗಳು ತೇವಕ್ಕೆ ಮುರುಟಿದ್ದವು. ಅಪ್ಪ ಟಿವಿ ಹಾಕುವಂತಿಲ್ಲ, ಅಮ್ಮ ಮಿಕ್ಸಿ ಹಾಕುವಂತಿಲ್ಲ, ಎಲ್ಲದಕ್ಕೂ ಜಗಳ.

ಸೊಸೆ ಬಿಡದೆ ಫೋನ್ ಮಾಡಿದಳು. ರಜೆ ಹಾಕಿ ಕಂಪನಿಯ ಆಫೀಸಿಗೆ ಹೋಗಿ, ಸಂಜೆಯವರೆಗೂ ಬೆಂಚಿನ ಮೇಲೆ ಕೂತು ಗಲಾಟೆ ಮಾಡಿದಳು. ಅಂತೂ ಇಂಜಿನಿಯರ್ ಎರಡನೇ ಸಲ ಬಂದ. ಯಾವುದಕ್ಕೂ "ನೋಡೋಣ" ಎನ್ನುತ್ತಿದ್ದರಿಂದ ಮೊಮ್ಮಗಳು ಅವನಿಗೆ ನೋಡೋಣ ಸಾರ್ ಎಂದು ಹೆಸರಿಟ್ಟಿದ್ದಳು. ಈ ಸಲ ಎಲ್ಲರೂ ಮನೆಯಲ್ಲಿದ್ದರು. ಅಜ್ಜಿ ಗೋಡೆ ಮುಟ್ಟಿರಲಿಲ್ಲ.

ನೋಡೋಣ ಸಾರ್ ಗೋಡೆ ನೋಡಿ, ಮೊಬೈಲ್ ತೆಗೆದು, ಹಳೆಯ ಫೋಟೋ ಹಿಡಿದ.

"ಮೇಡಂ, ಹೋದ ಸಲ ನಾನು ಬಂದಾಗ ಗೋಡೆ ಹೀಗಿತ್ತು. ಕ್ಲೀನ್. ನಿಮ್ಮತ್ತೆ ಸಹಿಯೂ ಇದೆ. ಅಂದ್ರೆ ಇದು ಆಮೇಲೆ ಆಗಿರೋದು. ಒಳಗೆ ಬಟ್ಟೆ ಒಣಗಿಸ್ತೀರಾ?"

"ಮೊದಲೂ ಹೀಗೇ ಇತ್ತು. ಅವರು ಒರೆಸಿದ್ರು ಅಷ್ಟೇ."

"ಕಿಟಕಿ ಮುಚ್ಚಿ ಅಡುಗೆ ಮಾಡ್ತೀರಾ? ಮನೇಲಿ ಜನ ಜಾಸ್ತಿ ಇದ್ರೆ ಉಸಿರಾಟದಿಂದನೂ ತೇವ ಬರುತ್ತೆ ಮೇಡಂ."

"ಹಾಗಾದ್ರೆ ಉಸಿರಾಡೋದು ಬಿಟ್ಬಿಡಬೇಕಾ ಸಾರ್?" ಎಂದಳು ಮೊಮ್ಮಗಳು.

"ಹಾಗಲ್ಲಮ್ಮಾ. ನಿಮ್ಮಜ್ಜಿ ಎಷ್ಟು ನೀಟಾಗಿ ಇಟ್ಕೊಂಡಿದ್ರು! ನೀವು ಅವರನ್ನ ನೋಡಿ ಕಲೀಬೇಕು."

'ವಾಸವಿರುವವರ ಬಳಕೆಯಿಂದ ಆದ ತೇವ' ಎಂದು ಬರೆದು ಸಹಿಗೆ ಚಾಚಿದ. ಸೊಸೆ ಕಾಗದ ಕಿತ್ತುಕೊಂಡು ಎರಡು ಹೋಳು ಮಾಡಿದಳು. ಅವನು ಬೇಸರವನ್ನೂ ತೋರಿಸಲಿಲ್ಲ. ಬಾಗಿಲ ಬಳಿ ಶೂ ಹಾಕಿಕೊಳ್ಳುತ್ತ "ನೋಡೋಣ ಮೇಡಂ, ಮೇಲಿನವರಿಗೆ ಹೇಳ್ತೀನಿ" ಎಂದು ಹೋದ.

ಅಂದು ಎಲ್ಲರೂ ಊಟಕ್ಕೆ ಕೂತರು. ಅಜ್ಜಿ ಬಡಿಸುತ್ತ, ಮೇಜಿನ ಮೇಲೆ ಬಿದ್ದ ಒಂದು ಅಗುಳನ್ನು ಅಭ್ಯಾಸಬಲದಿಂದ ಬಟ್ಟೆಯಲ್ಲಿ ಒರೆಸಿದರು. ಅಷ್ಟೇ ಸಾಕಾಯಿತು.

"ಒರೆಸಿ! ಇನ್ನೂ ಒರೆಸಿ!" ಸೊಸೆ ಚಮಚ ಕುಕ್ಕಿದಳು. "ನಿಮ್ಮ ಈ ಬಟ್ಟೆ ನಮ್ಮ ಮನೆ ಮುಳುಗಿಸ್ತು ಅತ್ತೆ. ಗೋಡೆ ಕಪ್ಪಾದ್ರೂ ಪರವಾಗಿಲ್ಲ, ಬಂದೋರು ಹೊಗಳ್ಬೇಕು. ಹೊಗಳಿದ್ರಲ್ಲ, ಸಾಕಾ? ಮಗಳ ಶ್ವಾಸಕೋಶ ಹಾಳಾದ್ರೆ ಅದನ್ನೂ ಒರೆಸ್ತೀರಾ?"

ಮಗ ತಟ್ಟೆ ತಳ್ಳಿದ. "ಬಾಯಿಗೆ ಬಂದ ಹಾಗೆ ಮಾತಾಡ್ಬೇಡ! ಯಾರ ದುಡ್ಡಲ್ಲಿ ಬಂದ ಮನೆ ಇದು?"

"ಅದಕ್ಕೇ ಹೇಳ್ತಿರೋದು! ಅವರ ಬೆನ್ನು ಮುರಿದ ದುಡ್ಡು ಅದು. ಆ ದುಡ್ಡು ತಿಂದವನಿಗೆ ಟೀ ಬಿಸ್ಕೆಟ್ ಕೊಟ್ಟು ಕಳಿಸಿದಾರಲ್ಲ ಅಂತಾನೇ ನನ್ನ ಹೊಟ್ಟೆ ಉರಿಯೋದು!"

"ಆ ಕೌಂಟರಲ್ಲಿ ಕೂತು ನೀನೂ ಊರಿಗೆಲ್ಲ ಅದನ್ನೇ ಮಾಡ್ತೀಯಲ್ಲ!"

"ಹೌದು, ಮಾಡ್ತೀನಿ! ಸಾಲದ ಕಂತು ಮತ್ತೆ ಯಾರು ಕಟ್ತಾರೆ?"

"ಸಾಕು ನಿಲ್ಸಿ," ಎಂದರು ಅಜ್ಜಿ. ದನಿ ದೊಡ್ಡದಿರಲಿಲ್ಲ. "ಅವಳು ಹೇಳಿದ್ದು ಸರಿ. ತಟ್ಟೆ ಎಳ್ಕೊಂಡು ಊಟ ಮಾಡು."

ಹೆಗಲ ಮೇಲಿನ ಬಟ್ಟೆಯನ್ನು ತೆಗೆದು ಅಡುಗೆಮನೆಯ ಒಳಗೋಡೆಯ ಮೊಳೆಗೆ ಸಿಕ್ಕಿಸಿದರು. ಬಾಗಿಲು ಹೇಗೂ ಮುಚ್ಚುತ್ತಿರಲಿಲ್ಲವಾದ್ದರಿಂದ ಆ ಬಟ್ಟೆ ಎಲ್ಲರಿಗೂ ಕಾಣುತ್ತಲೇ ಇತ್ತು.

ಅಂದಿನಿಂದ ಅಜ್ಜಿ ಒರೆಸುವುದನ್ನು ಬಿಟ್ಟರು. ಗೋಡೆಯನ್ನಷ್ಟೇ ಅಲ್ಲ, ಏನನ್ನೂ. ಒಲೆಯ ಮೇಲೆ ಹಾಲು ಉಕ್ಕಿದರೆ ಉಕ್ಕಿದ್ದೇ. ಎರಡು ದಿನ ಮನೆಯವರಿಗೆ ಹಾಯೆನಿಸಿತು, ಆಮೇಲೆ ಹೆದರಿಕೆಯಾಯಿತು. ಮುದುಕಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಮೊಮ್ಮಗಳ ಖಾಲಿ ಕೋಣೆಯಲ್ಲಿ ಕುರ್ಚಿ ಹಾಕಿ ಕೂರುತ್ತಿದ್ದರು. ಗೋಡೆಯ ಕಪ್ಪು ಕಿಟಕಿಯವರೆಗೆ ಏರಿತು. ಒಂದು ಬೆಳಿಗ್ಗೆ ಸೊಸೆಯೇ ತಡೆಯಲಾರದೆ ಬಕೆಟ್ ಹಿಡಿದು ಬಂದಳು.

"ಮುಟ್ಟಬೇಡ," ಎಂದರು ಅಜ್ಜಿ.

"ಅತ್ತೆ, ಅವತ್ತು ಏನೋ ಸಿಟ್ಟಲ್ಲಿ ಅಂದೆ."

"ಸಿಟ್ಟಲ್ಲೇ ನಿಜ ಹೊರಗೆ ಬರೋದು. ಮುಟ್ಟಬೇಡ ಅಂದ್ನಲ್ಲ."

ಕೂತು ಬೇಸರವಾದಾಗ ಅಜ್ಜಿ ಕಟ್ಟಡದಲ್ಲಿ ಮನೆಮನೆ ತಿರುಗಿ ಬಂದರು. ಕೆಳಗಿನ ಮನೆಯಲ್ಲಿ ಅದೇ ಮೂಲೆಯಲ್ಲಿ ದೊಡ್ಡ ಬೀರು ನಿಂತಿತ್ತು. ಮೇಲಿನ ಮನೆಯಲ್ಲಿ ಆನೆ ಗಾತ್ರದ ಕ್ಯಾಲೆಂಡರ್. ಬೀರು ಸರಿಸಿದರೆ ಕಪ್ಪು, ಕ್ಯಾಲೆಂಡರ್ ಎತ್ತಿದರೆ ಕಪ್ಪು. "ಹೊರಗೆ ಹೇಳ್ಬೇಡಿ ಅಜ್ಜಿ, ನಾಳೆ ಮಾರೋಕೆ ಹೋದ್ರೆ ರೇಟ್ ಬೀಳುತ್ತೆ," ಎಂದರು ಅವರೂ, ಇವರೂ. ಒಂದೊಂದು ಮನೆಯೂ ತನ್ನ ಮಾನ ಮುಚ್ಚಿಕೊಳ್ಳುತ್ತೇನೆಂದು ಕಂಪನಿಯ ಮಾನ ಮುಚ್ಚುತ್ತಿತ್ತು. ಸಂಬಳವಿಲ್ಲದ ಇಂಥ ಕಾವಲುಗಾರರು ಇನ್ನೆಲ್ಲಿ ಸಿಕ್ಕಾರು?

ಆಗಲೇ ಸೇಲ್ಸ್ ಹುಡುಗಿಯ ಫೋನ್ ಬಂತು.

"ಅಜ್ಜೀ, ಹೇಗಿದ್ದೀರಾ? ಪಕ್ಕದ ಹೊಸ ಕಟ್ಟಡಕ್ಕೆ ಬುಕಿಂಗ್ ನಡೀತಿದೆ. ಬೋರ್ಡ್ ನೋಡಿದೋರೆಲ್ಲ ನಿಮ್ಮನ್ನೇ ಕೇಳ್ತಾರೆ. ಭಾನುವಾರ ಎರಡು ಫ್ಯಾಮಿಲಿ ಕರ್ಕೊಂಡು ಬರ್ಲಾ? ಹತ್ತೇ ನಿಮಿಷ."

"ಬಾಮ್ಮಾ, ಧಾರಾಳವಾಗಿ ಬಾ. ಇಂಜಿನಿಯರ್ ಸಾರನ್ನೂ ಕರ್ಕೊಂಡು ಬಾ. ಅವರಿಗೆ ಟೀ ಕೊಟ್ಟು ತುಂಬ ದಿನ ಆಯ್ತು."

ಕೇಳಿಸಿಕೊಂಡ ಸೊಸೆ ಸೌಟು ಹಿಡಿದೇ ಹೊರಬಂದಳು. "ಮತ್ತೆ ಟೀನಾ? ಇಷ್ಟೆಲ್ಲ ಆದ್ಮೇಲೂ?"

"ಬಿಸ್ಕೆಟ್ ಖಾಲಿಯಾಗಿದೆ. ಕೆಲಸದಿಂದ ಬರ್ತಾ ಒಂದು ಪೊಟ್ಟಣ ತಗೊಂಡು ಬಾ."

"ನಾನು ತರಲ್ಲ!"

"ಬೇಡ ಬಿಡು. ಬರೀ ಟೀ ಕೊಟ್ಟರಾಯ್ತು."

ಭಾನುವಾರ ಬೆಳಿಗ್ಗೆ ಅಜ್ಜಿ ನೀಲಿ ಸ್ವೆಟರ್ ಹಾಕಿಕೊಂಡರು. ಮೊಳೆಯಿಂದ ಒರೆಸುವ ಬಟ್ಟೆ ತೆಗೆದು ಹೆಗಲಿಗೆ ಹಾಕಿಕೊಂಡರು. ಅದನ್ನು ಕಂಡ ಸೊಸೆ ಗಂಡನ ಕಡೆ ನೋಡಿದಳು. ಮಗ ಪೇಪರಿನ ಹಿಂದೆ ಅಡಗಿದ.

ಬಂದವರು ಒಂದು ಎಳೆಯ ಜೋಡಿ, ಮತ್ತೆ ತನ್ನ ಮಗನ ಜೊತೆ ಬಂದ ಒಬ್ಬ ವಯಸ್ಸಾದ ಹೆಂಗಸು. ಹಿಂದೆ ಸೇಲ್ಸ್ ಹುಡುಗಿ, ಅವಳ ಹಿಂದೆ ನೋಡೋಣ ಸಾರ್. "ಬೋರ್ಡಿನಲ್ಲಿ ಇರೋದು ಇವರೇ!" ಎಂದಳು ಸೇಲ್ಸ್ ಹುಡುಗಿ, ತನ್ನ ಸ್ವಂತ ಅಜ್ಜಿಯನ್ನು ತೋರಿಸುವವಳ ಹಾಗೆ. ವಯಸ್ಸಾದ ಹೆಂಗಸು ಕುರ್ಚಿ ಎಳೆಯಲು ಹೋದರು.

"ಕೂರಬೇಡಿ," ಎಂದರು ಅಜ್ಜಿ. "ಮೊದಲು ಮನೆ ನೋಡಿ. ಟೀ ಆಮೇಲೆ."

ಆಕೆಯ ಕೈ ಹಿಡಿದು ನೇರ ಮೊಮ್ಮಗಳ ಕೋಣೆಗೆ ಕರೆದೊಯ್ದರು. ಬಾಗಿಲು ತೆಗೆದದ್ದೇ ವಾಸನೆ ಎಲ್ಲರ ಮುಖಕ್ಕೆ ಹೊಡೆಯಿತು. ನೆಲದಿಂದ ಕಿಟಕಿಯವರೆಗೆ ಗೋಡೆ ಕಪ್ಪಾಗಿ, ಅಲ್ಲಲ್ಲಿ ಗಾರೆ ಉದುರಿ, ನೀರು ಬೆವರುತ್ತಿತ್ತು.

"ಬೋರ್ಡಿನಲ್ಲಿರೋ ಗೋಡೆ ಇದೇ," ಎಂದರು ಅಜ್ಜಿ. "ಆ ಬಿಳಿ ನಾನು ತಿಕ್ಕಿದ್ದು. ಈ ಕಪ್ಪು ಇವರು ಕಟ್ಟಿದ್ದು."

ಸೇಲ್ಸ್ ಹುಡುಗಿ "ಅಜ್ಜೀ..." ಎಂದು ರಾಗ ಎಳೆದಳು. ಇಂಜಿನಿಯರ್ ಮುಂದೆ ಬಂದ. "ಇದು ಸ್ಟ್ರಕ್ಚರ್ ಸಮಸ್ಯೆ ಅಲ್ಲ ಸಾರ್, ಬಳಕೆಯ ಸಮಸ್ಯೆ. ಇವರು ಒಳಗೆ ಬಟ್ಟೆ ಒಣಗಿಸ್ತಾರೆ, ಉಸಿರಾಟದಿಂದ..."

ಅಜ್ಜಿ ಅವನ ಮಣಿಕಟ್ಟು ಹಿಡಿದರು. ವಾರ್ಡಿನಲ್ಲಿ ನರಳಾಡುವ ಗಂಡಸರನ್ನು ಹಾಸಿಗೆಯಲ್ಲಿ ಹೊರಳಿಸಿದ ಕೈ ಅದು, ಬಿಡಿಸಿಕೊಳ್ಳುವುದು ಅವನಿಂದಾಗಲಿಲ್ಲ. ಅಂಗೈಯನ್ನು ಗೋಡೆಗೆ ಹಚ್ಚಿ "ಒತ್ತಿ ಸಾರ್" ಎಂದರು. ಗಾರೆ ಪುಸಕ್ಕನೆ ಕುಸಿದು ಬೆರಳ ಸಂದಿಯಿಂದ ಕಪ್ಪು ನೀರು ಮೊಣಕೈಗೆ ಇಳಿಯಿತು.

"ಇಷ್ಟೊಂದು ಉಸಿರು ಯಾರು ಬಿಟ್ರು ಸಾರ್?" ಎಂದಳು ಬಾಗಿಲಲ್ಲಿ ನಿಂತ ಮೊಮ್ಮಗಳು. ಮಾತಿನ ಬೆನ್ನಿಗೇ ಕೆಮ್ಮಿದಳು. ಎಳೆಯ ಜೋಡಿಯ ಹೆಂಗಸು ತಿರುಗಿ ಅವಳ ಮುಖ ನೋಡಿದಳು.

"ಒಂದು ವರ್ಷ ಗ್ಯಾರಂಟಿ ಅಂದ್ರಲ್ಲ ನಮಗೆ?" ಎಂದು ಆಕೆಯ ಗಂಡ ಕೇಳಿದ.

"ಖಂಡಿತ ಇದೆ ಸಾರ್."

"ಇವರಿಗೂ ಇತ್ತಾ?"

ಇಂಜಿನಿಯರ್ ಸೇಲ್ಸ್ ಹುಡುಗಿಯ ಮುಖ ನೋಡಿದ. ಹುಡುಗಿ ನೆಲ ನೋಡಿದಳು. ಸೊಸೆಗೆ ಆಗ ಎಲ್ಲ ಅರ್ಥವಾಯಿತು. ಓಡಿಹೋಗಿ ಕಾಗದ, ಪೆನ್ನು ತಂದು, ಕೌಂಟರಿನ ಮುದ್ದು ದನಿಯಲ್ಲೇ ಹೇಳಿದಳು: "ಗ್ಯಾರಂಟಿ ಇನ್ನೂ ಮುಗಿದಿಲ್ಲ ಸಾರ್. ದಯವಿಟ್ಟು ದೂರು ದಾಖಲಿಸಿಕೊಳ್ಳಿ. ನಿಮ್ಮ ಸಹಿ ನಮಗೆ ಅಮೂಲ್ಯ."

"ಬರೀತೀನಿ ಮೇಡಂ, ನೋಡೋಣ, ಮೊದಲು ಕೈ..." ಅವನು ಕಪ್ಪು ಕೈಯನ್ನು ಷರ್ಟಿಗೆ ತಾಗದಂತೆ ಎತ್ತಿ ಹಿಡಿದಿದ್ದ. "ಅಜ್ಜಿ, ಒರೆಸ್ಕೊಳ್ಳೋಕೆ ಒಂದು ಬಟ್ಟೆ ಕೊಡಿ."

"ಬಟ್ಟೆ ಇಲ್ಲ."

"ಹೆಗಲ ಮೇಲೆ ಇದೆಯಲ್ಲ?"

"ಇದು ನಮ್ಮನೆ ಕೊಳೆಗೆ. ಕಂಪನಿ ಕೊಳೆಗಲ್ಲ. ಬರೀರಿ."

ಆ ಕೈಯಲ್ಲೇ ಬರೆದ. ಗೋಡೆಯೊಳಗಿನ ಪೈಪಿನಿಂದ ಸೋರಿಕೆ, ಕಂಪನಿಯೇ ಸರಿಪಡಿಸಬೇಕು ಎಂದು ಸೊಸೆ ಹೇಳುತ್ತ ಹೋದಳು, ಅವನು ಬರೆಯುತ್ತ ಹೋದ. ಬುಕಿಂಗಿಗೆ ಬಂದಿದ್ದ ಎಳೆಯ ಗಂಡ ಕೇಳದೆಯೇ ಸಾಕ್ಷಿ ಸಹಿ ಹಾಕಿ, ಹೆಂಡತಿಯನ್ನು ಕರೆದುಕೊಂಡು ಇಳಿದುಹೋದ. ವಯಸ್ಸಾದ ಹೆಂಗಸು ಮಾತ್ರ ಕೂತು ಟೀ ಕುಡಿದು "ನನ್ನ ಗಂಡನ ಪಿಂಚಣಿ ದುಡ್ಡು ಇದಕ್ಕೆ ಹಾಕೋಣ ಅಂತಿದ್ವಿ" ಎಂದರು. ಅಜ್ಜಿ ಆಕೆಯ ಲೋಟಕ್ಕೆ ಇನ್ನಷ್ಟು ಟೀ ಸುರಿದರು.

ಆಮೇಲೂ ಫೋನ್, ಸಂಗೀತ, ದಾರಿಯಲ್ಲಿದ್ದಾರೆ ಮೇಡಂ ಎಲ್ಲ ನಡೆಯಿತು. ಆದರೆ ಬರೆದದ್ದನ್ನು ನುಂಗಲಾಗಲಿಲ್ಲ. ಕೆಲಸದವರು ಬಂದು ಗೋಡೆ ಒಡೆದರು. ಒಳಗೆ ಎರಡು ಪೈಪು ಕೂಡುವ ಕಡೆ ಅಂಟನ್ನೇ ಹಚ್ಚಿರಲಿಲ್ಲ. ಸುಮ್ಮನೆ ಒಂದರೊಳಗೊಂದು ತುರುಕಿ ಗಾರೆ ಮೆತ್ತಿಬಿಟ್ಟಿದ್ದರು. ಒಂದು ಚಮಚ ಅಂಟು! ಅಷ್ಟಕ್ಕಾಗಿ ಒಂದು ಮಗು ಕೆಮ್ಮಿತ್ತು, ಒಂದು ಮನೆ ಕಚ್ಚಾಡಿತ್ತು. ಮಗ ಆ ಪೈಪಿನ ತುಂಡನ್ನು ಬೇಡವೆಂದರೂ ಕೇಳದೆ ಎತ್ತಿಟ್ಟುಕೊಂಡ. ಕೆಳಗಿನ ಮನೆಯವರು ಅದನ್ನು ನೋಡಿ ಹೋಗಿ ಬೀರು ಸರಿಸಿದರಂತೆ.

ಗಾರೆ ಒಣಗುತ್ತಿದ್ದ ವಾರ ಒಂದು ಮಧ್ಯಾಹ್ನ ಮಗ ಊಟಕ್ಕೆ ಬಂದವನು ಹೇಳಿದ: "ಅಮ್ಮಾ, ಬೋರ್ಡಿಂದ ನಿನ್ನ ತೆಗೆದ್ರು."

"ಪೀಡೆ ತೊಲಗಿತು."

"ಬೇರೆ ಒಬ್ಬ ಅಜ್ಜೀನ ಹಾಕಿದ್ದಾರೆ. ನಮ್ಮ ಕಟ್ಟಡದ ಹಿಂದೆ ಇದೇ ಕಂಪನಿದು ಇನ್ನೊಂದಿದೆಯಲ್ಲ, ಅದರ ಮೂಲೆ ಮನೆಯವರು. ಕೈಯಲ್ಲಿ ಟ್ರೇ ಹಿಡ್ಕೊಂಡು ನಗ್ತಿದ್ದಾರೆ."

ಅಜ್ಜಿಯ ಕೈ ತಟ್ಟೆಯಲ್ಲೇ ನಿಂತಿತು. "ಹಿಂದೆ ಗೋಡೆ ಕಾಣುತ್ತಾ?"

"ಕಾಣುತ್ತೆ. ಬೆಳ್ಳಗೆ ಥಳಥಳ ಅಂತಿದೆ."

ಅಜ್ಜಿ ಕೈ ತೊಳೆದು ಬಂದು ಚಪ್ಪಲಿ ಮೆಟ್ಟಿದರು.

"ಅತ್ತೆ, ಊಟ ಅರ್ಧಕ್ಕೇ ಬಿಟ್ರಲ್ಲ! ಎಲ್ಲಿಗೆ ಹೊರಟ್ರಿ?"

"ಬಂದು ಮಾಡ್ತೀನಿ. ಒರೆಸಬೇಡಮ್ಮಾ ಅಂತ ಅವಳಿಗೆ ಯಾರಾದ್ರೂ ಹೇಳ್ಬೇಕಲ್ಲ."